ಕಿವುಡ ಗೆಳೆಯರೊಡನೆ ಹೊರದೇಶದ ಬೀದಿ ತಿಂಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ನಾವು ಐದು ಮಂದಿ ಗೆಳೆಯರು ಎಲ್ಲಾದರೂ ಹೊರಡುತ್ತೇವೆ. ಐವರಲ್ಲಿ ಮೂವರು ಹುಟ್ಟು ಕಿವುಡರು. ದೊಡ್ಡ ಹೋಟೆಲು ನಮ್ಮ ಜೇಬಿಗೆ ಎಟುಕದ ಕಾರಣ ಊಟವೆಲ್ಲ ಬೀದಿಯಲ್ಲೇ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಕೆಲವೊಮ್ಮೆ ಕಾಗದದಲ್ಲಿ ಜನ ಈ ಬಗ್ಗೆ ಕೇಳಿದ್ದನ್ನು ಅವರವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ.

## ಹೊರಡುವ ಮುನ್ನ

"ಕಿವುಡರು" ಅನ್ನಬಹುದಾ? ಅದು ಬೈದ ಹಾಗಾಗಲ್ವಾ?

ಆಗುವುದಿಲ್ಲ. ಸನ್ನೆ ಭಾಷೆಯಲ್ಲೇ ಬದುಕುವ ನನ್ನ ಗೆಳೆಯರು ತಮ್ಮನ್ನು ಕಿವುಡರೆಂದೇ ಕರೆದುಕೊಳ್ಳುತ್ತಾರೆ. "ಶ್ರವಣದೋಷವುಳ್ಳವರು" ಎಂಬುದು ಅರ್ಜಿ ನಮೂನೆಯ ಮಾತು. ಅವರಿಗೆ ನೋವಾಗುವುದು "ಮೂಗ" ಎಂದಾಗ, ಮತ್ತು ಕೇಳಿಸದೆಂಬ ಧೈರ್ಯದಲ್ಲಿ ಬೆನ್ನ ಹಿಂದೆ "ಕೆಪ್ಪ" ಎಂದಾಗ. ಕೇಳಿಸದಿದ್ದರೂ ಪಕ್ಕದವರ ಮುಖ ನೋಡಿ ಅವರಿಗೆ ಗೊತ್ತಾಗಿಬಿಡುತ್ತದೆ.

ಅವರಿಗೆ ಮಾತು ಬರಲ್ಲ, ನಿಮಗೆ ಅಲ್ಲಿನ ಭಾಷೆ ಬರಲ್ಲ. ಹಾಗಾದ್ರೆ ತಿಂಡಿ ಕೇಳೋದು ಹೇಗೆ?

ಅವರಿಗೆ ಮಾತು ಬರುತ್ತದೆ, ಅದು ಕೈಯ ಮಾತು. ಕಷ್ಟಕ್ಕೆ ಕಷ್ಟ ಕೂಡಿ ಇಮ್ಮಡಿಯಾಗುತ್ತದೆಂಬ ಲೆಕ್ಕ ಈ ಪ್ರಶ್ನೆಯ ಹಿಂದಿದೆ. ನಡೆಯುವುದು ಅದಕ್ಕೆ ತದ್ವಿರುದ್ಧ. ಮಲೇಷ್ಯಾದ ಪೆನಾಂಗಿನಲ್ಲಿ ನಮ್ಮ ಮೊದಲ ರಾತ್ರಿ ನಡೆದದ್ದನ್ನೇ ಹೇಳುತ್ತೇನೆ. ಅಲ್ಲಿನ ಚಾರ್ ಕ್ವೇ ತಿಯೋ ಎಂದರೆ ಅಗಲ ಅಕ್ಕಿ ಶಾವಿಗೆಯನ್ನು ಜೋರು ಉರಿಯ ಬಾಣಲೆಯಲ್ಲಿ ಸಿಗಡಿ, ಮೊಟ್ಟೆ, ಮೊಳಕೆ ಕಾಳಿನೊಡನೆ ಹುರಿದು ಕೊಡುವ ತಿಂಡಿ. ಅದಕ್ಕೆ ಅರೆಬೆಂದ ಸಣ್ಣ ಚಿಪ್ಪಿನ ಮಾಂಸವನ್ನೂ ಹಾಕುತ್ತಾರೆ. ಅದು ಬೇಡವೆಂದು ನಾನು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದೆ, ಮೂರನೆಯ ಸಲ ದನಿ ಏರಿಸಿದೆ, ಗಟ್ಟಿಯಾಗಿ ಹೇಳಿದರೆ ಬಾರದ ಭಾಷೆಯೂ ಅರ್ಥವಾದೀತು ಎಂಬ ಹಾಗೆ. ಬಾಣಲೆಯ ಸದ್ದಿನಲ್ಲಿ ಗಾಡಿಯ ಮುದುಕನಿಗೆ ನನ್ನ ದನಿ ಕೇಳಿಸಲೂ ಇಲ್ಲ. ಆಗ ನನ್ನ ಗೆಳೆಯ ಮುಂದೆ ಬಂದು ಎರಡು ಅಂಗೈಗಳನ್ನು ಜೋಡಿಸಿ, ಚಿಪ್ಪು ತೆರೆದುಕೊಳ್ಳುವಂತೆ ಮೆಲ್ಲಗೆ ಬಿಡಿಸಿ, ಒಳಗಿನದನ್ನು ಎರಡು ಬೆರಳಲ್ಲಿ ಹೆಕ್ಕಿ ಪಕ್ಕಕ್ಕೆಸೆದು ತಲೆಯಾಡಿಸಿದ. ಮುದುಕ ನಕ್ಕು, ಸಟ್ಟುಗದ ತುದಿಯಿಂದ ಚಿಪ್ಪಿನ ಬಟ್ಟಲನ್ನು ಹಿಂದಕ್ಕೆ ಸರಿಸಿದ. ಅರ್ಧ ನಿಮಿಷವೂ ಹಿಡಿಯಲಿಲ್ಲ.

ತಮ್ಮ ಊರಿನ ಅಂಗಡಿಯಲ್ಲೇ ತಮ್ಮ ಭಾಷೆ ಬಾರದವರೊಡನೆ ದಿನವೂ ವ್ಯವಹರಿಸುವವರು ಅವರು. ವಿರಾಜಪೇಟೆಯಲ್ಲಿ ಅರ್ಧ ಕಿಲೋ ಮೆಣಸಿನಕಾಯಿ ಕೇಳುವುದೂ ಹನೋಯಿಯಲ್ಲಿ ಸೂಪು ಕೇಳುವುದೂ ಅವರಿಗೆ ಒಂದೇ ಕೆಲಸ. ಬಾರದ ಭಾಷೆಯ ಸಂತೆಯಲ್ಲಿ ಕಂಗೆಡುವವರು ಕಿವಿ ಕೇಳುವ ನಾವು. ಹಾಗಾಗಿ ನಮ್ಮ ತಂಡದಲ್ಲಿ ಗಾಡಿಯ ಮುಂದೆ ನಿಲ್ಲುವವರು ಅವರೇ, ಹಿಂದೆ ನಿಲ್ಲುವವರು ನಾವು.

ನಂಗೆ ಸನ್ನೆ ಭಾಷೆ ಬರಲ್ಲ. ಕಲಿತೇ ಹೋಗ್ಬೇಕಾ?

ಪೂರ್ತಿ ಕಲಿಯಲು ವರ್ಷಗಳು ಬೇಕು. ಆದರೆ ಮೂವತ್ತು ನಲವತ್ತು ಸನ್ನೆ ಕಲಿಯದೆ ಹೊರಡುವುದು ನನ್ನ ಮಟ್ಟಿಗೆ ಮರ್ಯಾದೆಯಲ್ಲ. ಖಾರ, ಸಿಹಿ, ಸಾಕು, ಇನ್ನೂ ಬೇಕು, ಬಿಸಿ, ನೀರು, ಎಷ್ಟು, ಹೊಟ್ಟೆನೋವು, ಶೌಚಾಲಯ, ಹಿಂದೆ ಗಾಡಿ ಬಂತು: ಇಷ್ಟು ಇದ್ದರೆ ದಿನ ಸಾಗುತ್ತದೆ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರವು 10,000 ಪದಗಳ ವೀಡಿಯೊ ನಿಘಂಟು ಹೊರತಂದಿದೆ, ಅದನ್ನು ನೋಡಿಕೊಳ್ಳಬಹುದು. ಆದರೂ ಗೆಳೆಯರಿಂದಲೇ ಕಲಿಯುವುದು ಮೇಲು, ಏಕೆಂದರೆ ಪ್ರತಿ ಗುಂಪಿಗೂ ತನ್ನದೇ ಸನ್ನೆಗಳಿರುತ್ತವೆ. ನಮ್ಮ ಗುಂಪಿನಲ್ಲಿ ಕಡಂಬುಟ್ಟಿಗೆ, ಅಂದರೆ ಅಕ್ಕಿ ತರಿಯ ಹಬೆಯುಂಡೆಗೆ, ಇರುವ ಸನ್ನೆ ಯಾವ ನಿಘಂಟಿನಲ್ಲೂ ಸಿಗದು: ಅಂಗೈಗಳ ನಡುವೆ ಉಂಡೆ ಕಟ್ಟಿ, ಹಬೆಗೆ ಬೆರಳು ಸುಟ್ಟಂತೆ ಒದರುವುದು.

ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆಂದು ನಂಬಿ ಸುಮ್ಮನಿರಬೇಡಿ. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚುತ್ತದೆ. ಕನ್ನಡಿಯ ಮುಂದೆ ಸದ್ದಿಲ್ಲದೆ "ಬಳೆ", "ಮಳೆ" ಎಂದು ಹೇಳಿ ನೋಡಿದರೆ ತಿಳಿಯುತ್ತದೆ.

ಸನ್ನೆ ಭಾಷೆ ಅಂದ್ರೆ ಪ್ರಪಂಚಕ್ಕೆಲ್ಲ ಒಂದೇ ತಾನೆ?

ಅಲ್ಲ. ಅಮೆರಿಕದವರೂ ಬ್ರಿಟನ್ನಿನವರೂ ಮಾತನಾಡುವುದು ಇಂಗ್ಲಿಷೇ ಆದರೂ ಅಲ್ಲಿನ ಕಿವುಡರ ಸನ್ನೆ ಭಾಷೆಗಳು ಬೇರೆ ಬೇರೆ. ಭಾರತದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಎರಡು ಕೈಯಲ್ಲಿ ತೋರಿಸುತ್ತಾರೆ, ಅಮೆರಿಕದಲ್ಲಿ ಒಂದೇ ಕೈಯಲ್ಲಿ. ಥಾಯ್ಲೆಂಡ್ ಮತ್ತು ಮಲೇಷ್ಯಾದ ಸನ್ನೆ ಭಾಷೆಗಳ ಮೇಲೆ ಅಮೆರಿಕದ ಪ್ರಭಾವವಿದೆ. ವಿಯೆಟ್ನಾಮಿನಲ್ಲಿ ಹನೋಯಿಯದೇ ಒಂದು, ಹೋ ಚಿ ಮಿನ್ ನಗರದ್ದೇ ಇನ್ನೊಂದು. ವಿಶ್ವಸಂಸ್ಥೆ 2018ರಿಂದ ಸೆಪ್ಟೆಂಬರ್ 23ರಂದು ಆಚರಿಸುವ ದಿನದ ಹೆಸರಿನಲ್ಲೂ "ಸನ್ನೆ ಭಾಷೆಗಳು" ಎಂಬ ಬಹುವಚನವೇ ಇದೆ.

ಮೊದಲ ಸಲಕ್ಕೆ ಯಾವ ಊರು? ದುಡ್ಡು ಎಷ್ಟಾಗುತ್ತೆ?

ನನ್ನ ಆಯ್ಕೆ ಪೆನಾಂಗ್. ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಘಾಟಿ ಇಳಿದರೆ 2018ರಲ್ಲಿ ಶುರುವಾದ ಕಣ್ಣೂರು ವಿಮಾನ ನಿಲ್ದಾಣ ಹತ್ತಿರ. ಆದರೆ ಅಲ್ಲಿಂದ ಹೊರದೇಶದ ವಿಮಾನಗಳು ಹೆಚ್ಚಾಗಿ ಕೊಲ್ಲಿ ರಾಷ್ಟ್ರಗಳಿಗೆ ಹೋಗುವುದರಿಂದ ನಾವು ಬೆಂಗಳೂರು ಅಥವಾ ಕೊಚ್ಚಿ ಹಿಡಿಯುತ್ತೇವೆ. ನಾವು ಹೋದಾಗ ಪೆನಾಂಗಿನಲ್ಲಿ ಒಂದು ತಟ್ಟೆಗೆ 6ರಿಂದ 10 ರಿಂಗಿಟ್, ಬ್ಯಾಂಕಾಕಿನಲ್ಲಿ 50ರಿಂದ 80 ಬಾತ್, ಸಿಂಗಾಪುರದಲ್ಲಿ 4ರಿಂದ 6 ಡಾಲರ್ ಕೊಟ್ಟೆವು. ಸಿಂಗಾಪುರದಲ್ಲಿ ಊಟ ಅಗ್ಗ, ಮಲಗುವುದು ದುಬಾರಿ.

ಆದರೂ ಕಿವುಡರಿಗೆ ಸಿಂಗಾಪುರದ ಹಾಕರ್ ಸೆಂಟರುಗಳಷ್ಟು ಸಲೀಸು ಬೇರೆ ಕಡೆ ಕಾಣೆ. ತಳ್ಳುಗಾಡಿಗಳನ್ನು ಒಂದೇ ಸೂರಿನಡಿ ತಂದ ಈ ಊಟದ ಸಂಸ್ಕೃತಿಯನ್ನು ಯುನೆಸ್ಕೊ 2020ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅಂಗಡಿಯ ನೆತ್ತಿಯ ಮೇಲೆ ತಿಂಡಿಯ ಚಿತ್ರ, ಪಕ್ಕದಲ್ಲೇ ಬೆಲೆ. ಜಾಗ ಹಿಡಿಯಬೇಕಾದರೂ ಬಾಯಿ ಬೇಡ: ಮೇಜಿನ ಮೇಲೆ ಒಂದು ಟಿಶ್ಯೂ ಪೊಟ್ಟಣ ಇಟ್ಟು ಹೋದರೆ ಆ ಜಾಗ ನಿಮ್ಮದೆಂದು ಎಲ್ಲರೂ ಒಪ್ಪುತ್ತಾರೆ. ನಮ್ಮೂರ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಂಡ ತಟ್ಟೆಯನ್ನು ಮಾತ್ರ ನೀವೇ ಎತ್ತಿಡಬೇಕು. 2021ರಿಂದ ಅದು ಅಲ್ಲಿನ ಕಾನೂನು.

## ಗಾಡಿಯ ಮುಂದೆ

ಕೈಯಲ್ಲೇ ತಿನ್ನಬೇಕು, ಕೈಯಲ್ಲೇ ಮಾತಾಡಬೇಕು. ಎರಡೂ ಒಟ್ಟಿಗೆ ಹೇಗೆ?

ಒಟ್ಟಿಗೆ ಆಗದು, ಹಾಗಾಗಿ ಊಟ ನಿಧಾನವಾಗುತ್ತದೆ. ಸೂಪು ಆರುತ್ತದೆ, ಶಾವಿಗೆ ಅಂಟಿಕೊಳ್ಳುತ್ತದೆ, ಕಡ್ಡಿಗೆ ಪೋಣಿಸಿ ಸುಟ್ಟ ಮಾಂಸದ ಸಾತೆಯ ಎಣ್ಣೆ ಮೊಣಕೈವರೆಗೆ ಇಳಿಯುತ್ತದೆ. ಒಂದು ಕೈಯಲ್ಲಿ ಕಡ್ಡಿ ಹಿಡಿದು ಇನ್ನೊಂದೇ ಕೈಯಲ್ಲಿ ಮಾತನಾಡಿದರೆ ಮಾತು ಅರ್ಧ ನುಂಗಿದಂತಾಗುತ್ತದೆ, ಆದರೆ ಹಳೆಯ ಗೆಳೆಯರಿಗೆ ಅಷ್ಟೇ ಸಾಕು. ಮಾತು ಮಹತ್ವದ್ದಾದರೆ ಎಲ್ಲರೂ ಚಾಪ್‌ಸ್ಟಿಕ್ ಕೆಳಗಿಡುತ್ತಾರೆ. ಆಗ ನೀವೊಬ್ಬರೇ ತಲೆ ತಗ್ಗಿಸಿ ತಿನ್ನುತ್ತ ಕೂತರೆ, ಅವರ ಲೆಕ್ಕದಲ್ಲಿ ಎದುರಿನವರು ಮಾತನಾಡುವಾಗ ಕಿವಿಗೆ ಬೆರಳಿಟ್ಟುಕೊಂಡ ಹಾಗೆ.

ಕೂರುವ ಬಗೆಯೂ ಮುಖ್ಯ. ಉದ್ದ ಬೆಂಚಿನ ಮೇಲೆ ಸಾಲಾಗಿ ಕೂತರೆ ತುದಿಯವರ ಮಾತು ಇನ್ನೊಂದು ತುದಿಗೆ ಕಾಣಿಸುವುದಿಲ್ಲ. ಗುಂಡು ಮೇಜು ಹುಡುಕಬೇಕು, ಇಲ್ಲವೇ ಪ್ಲಾಸ್ಟಿಕ್ ಸ್ಟೂಲುಗಳನ್ನು ಎಳೆದು ದುಂಡಗೆ ಮಾಡಿಕೊಳ್ಳಬೇಕು. ಗಾಡಿಯ ಪ್ರಖರ ದೀಪಕ್ಕೆ ಬೆನ್ನು ಹಾಕಿ ಕೂತವರ ಮುಖವೂ ಕೈಯೂ ಕಪ್ಪಾಗಿ ಕಾಣುತ್ತವೆ, ಆದ್ದರಿಂದ ದೀಪ ಮುಖದ ಮೇಲೆ ಬೀಳುವಂತೆ ಇರಲಿ. ಕತ್ತಲಾದರೆ ಮೇಜಿನ ನಡುವೆ ಮೊಬೈಲಿನ ಟಾರ್ಚ್ ಹಚ್ಚಿ ನೀರಿನ ಬಾಟಲಿಗೆ ಆನಿಸುವುದು ನಮ್ಮ ಪದ್ಧತಿ.

ಇದಕ್ಕೆ ಪ್ರತಿಯಾಗಿ ಸಿಗುವುದೂ ಕಡಿಮೆಯಿಲ್ಲ. ಬಾಯಿ ತುಂಬ ತುತ್ತಿದ್ದರೂ ಅವರ ಮಾತು ನಿಲ್ಲದು. ಬ್ಯಾಂಕಾಕಿನ ಯಾವೊರಾತ್ ರಸ್ತೆಯ ಗದ್ದಲದಲ್ಲಿ ನಾವಿಬ್ಬರು ಒಬ್ಬರ ಕಿವಿಗೊಬ್ಬರು ಬಾಯಿಟ್ಟು ಕೂಗುತ್ತಿದ್ದಾಗ, ಅವರಲ್ಲೊಬ್ಬ ರಸ್ತೆಯ ಆಚೆ ಬದಿಯಿಂದಲೇ ಈಚೆಯವನಿಗೆ ಯಾವ ಸಾಲು ಚಿಕ್ಕದು, ಯಾವ ಗಾಡಿಯಲ್ಲಿ ಏಡಿ ಮುಗಿಯಿತು ಎಂದೆಲ್ಲ ಹೇಳಿ ಮುಗಿಸಿದ್ದ.

ಬೆರಳು ತೋರಿಸಿ ಎಣಿಸಿದ್ರೆ ಸಾಕಲ್ಲ, ಅದರಲ್ಲೇನಿದೆ?

ಬಹಳವಿದೆ. ಚೀನೀಯರು ಆರರಿಂದ ಹತ್ತರವರೆಗೂ ಒಂದೇ ಕೈಯಲ್ಲಿ ಎಣಿಸುತ್ತಾರೆ: ಹೆಬ್ಬೆರಳು ಕಿರುಬೆರಳು ಚಾಚಿದರೆ ಆರು, ಹೆಬ್ಬೆರಳು ತೋರುಬೆರಳು ಚಾಚಿದರೆ ಸಾಮಾನ್ಯವಾಗಿ ಎಂಟು. ಹೆಬ್ಬೆರಳಿನಿಂದ ಎಣಿಕೆ ಶುರುಮಾಡುವವರು "ಎರಡು ಕೊಡಿ" ಎಂದು ಕೈ ತೋರಿಸಿ ಚೀನಾದ ರಾತ್ರಿ ಸಂತೆಯಲ್ಲಿ ಎಂಟು ಹಬೆಯುಂಡೆಗಳ ಮುಂದೆ ಕೂರಬೇಕಾದೀತು. ತೋರುಬೆರಳಿನಿಂದ ಶುರುಮಾಡಿದರೆ ಈ ಗೊಂದಲವಿಲ್ಲ. ಮಲೇಷ್ಯಾದಲ್ಲಿ ತೋರುಬೆರಳು ಚಾಚಿ ತೋರಿಸುವುದು ಒರಟುತನ; ಬೆರಳು ಮಡಿಸಿ ಬಲಗೈ ಹೆಬ್ಬೆರಳನ್ನು ಮೇಲಿಟ್ಟು ತೋರಿಸುತ್ತಾರೆ. ಇದನ್ನು ನನ್ನ ಗೆಳೆಯರು ಒಂದೇ ಸಂಜೆಯಲ್ಲಿ ಗಮನಿಸಿ ರೂಢಿಸಿಕೊಂಡರು, ನನಗೆ ಮೂರು ದಿನ ಹಿಡಿಯಿತು.

ವಿಯೆಟ್ನಾಮಿನಲ್ಲಿ ಸಾವಿರದ ಸೊನ್ನೆಗಳನ್ನು ಬಾಯಲ್ಲೂ ಬೆರಳಲ್ಲೂ ಬಿಟ್ಟುಬಿಡುತ್ತಾರೆ, ಮೂವತ್ತು ಎಂದರೆ 30,000 ಡಾಂಗ್. ಅಲ್ಲಿನ 20,000ದ ನೋಟೂ 5,00,000ದ ನೋಟೂ ನೀಲಿ ಛಾಯೆಯವೇ. ಹನೋಯಿಯಲ್ಲಿ ಬಾನ್ ಮಿ ರೊಟ್ಟಿಗೆ ನಾನು ದೊಡ್ಡ ನೋಟನ್ನೇ ಚಿಕ್ಕದೆಂದು ಕೊಟ್ಟು ಗತ್ತಿನಿಂದ ಹೊರಟಿದ್ದೆ. ಆ ಹೆಂಗಸು ಹಿಂದಿನಿಂದ ಕೂಗಿದ್ದಳಂತೆ. ಸ್ಕೂಟರುಗಳ ಸದ್ದಿನಲ್ಲಿ ನನಗೆ ಕೇಳಲಿಲ್ಲ. ಅವಳು ಕೈ ಬೀಸುವುದನ್ನು ಕಂಡು ನನ್ನ ಭುಜ ತಟ್ಟಿ ನಿಲ್ಲಿಸಿದವನು ನನ್ನ ಕಿವುಡ ಗೆಳೆಯ. ಕಿವಿ ಇದ್ದದ್ದು ನನಗೆ!

ಟೋಕನ್ ನಂಬರ್ ಕೂಗ್ತಾರಲ್ಲ, ಅದಕ್ಕೇನು ಮಾಡ್ತೀರಿ?

ಇಲ್ಲಿ ಮಾತ್ರ ಕಿವಿಯವರ ಕೆಲಸವಿದೆ. ಕೆಲವೆಡೆ ಸರದಿ ಬಂದಾಗ ನಡುಗುವ ಬಿಲ್ಲೆ ಕೊಡುತ್ತಾರೆ, ಅದು ಎಲ್ಲಕ್ಕಿಂತ ಒಳ್ಳೆಯದು. ಕೆಲವೆಡೆ ಕೆಂಪು ಅಂಕಿಯ ಫಲಕವಿರುತ್ತದೆ. ಎರಡೂ ಇಲ್ಲದಿದ್ದರೆ ಟೋಕನ್ ಕೊಟ್ಟವರಿಗೆ ಕಿವಿ ಮುಟ್ಟಿ "ಇಲ್ಲ" ಎಂದು ಸನ್ನೆ ಮಾಡಿ, ಅವರ ಕಣ್ಣಿಗೆ ಬೀಳುವಂತೆ ನಿಂತರೆ ಸಾಕು, ಮುಂದಿನದನ್ನು ಅವರೇ ಕೈ ಬೀಸಿ ನೋಡಿಕೊಳ್ಳುತ್ತಾರೆ.

ನಾವು ದನದ ಮಾಂಸ ತಿನ್ನಲ್ಲ, ಒಬ್ಬನಿಗೆ ಸಿಗಡಿ ಆಗಲ್ಲ. ಇದನ್ನೆಲ್ಲ ಕೈಸನ್ನೆಯಲ್ಲಿ ಹೇಳೋಕಾಗುತ್ತಾ?

ಬೇಡವೆನ್ನುವುದಕ್ಕೆ ಸನ್ನೆ ಸಾಕು, ಆಗಿಬರದ್ದಕ್ಕೆ ಸಾಲದು. ತಲೆಯ ಮೇಲೆ ಕೊಂಬಿಟ್ಟರೆ ದನ, ಮೂಗನ್ನು ಬೆರಳಿನಿಂದ ಮೇಲೆತ್ತಿದರೆ ಹಂದಿ, ಮೊಣಕೈ ಬಡಿದರೆ ಕೋಳಿ. ಇದು ಎಲ್ಲ ಊರಿನಲ್ಲೂ ನಡೆದಿದೆ, ಜೊತೆಗೆ ನಗುವೂ ಸಿಕ್ಕಿದೆ. ಹನೋಯಿಯ ಫಲಕಗಳಲ್ಲಿ ದನಕ್ಕೆ "ಬೊ", ಕೋಳಿಗೆ "ಗಾ", ಸಸ್ಯಾಹಾರಕ್ಕೆ "ಚಾಯ್" ಎಂಬ ಪದಗಳಿರುತ್ತವೆ. ಅವುಗಳ ಅಕ್ಷರರೂಪವನ್ನು ಬರೆದಿಟ್ಟುಕೊಂಡರೆ ಮೊಬೈಲಿನ ಕ್ಯಾಮೆರಾ ಅನುವಾದಕ್ಕೆ ಕಾಯಬೇಕಿಲ್ಲ.

ಸಿಗಡಿಯಿಂದ ಮೈ ಊದಿಕೊಳ್ಳುವವರ ಮಾತು ಬೇರೆ. ಕಣ್ಣಿಗೆ ಕಾಣುವ ಸಿಗಡಿಯನ್ನು ತೆಗೆಸಬಹುದು, ಆದರೆ ಮಲೇಷ್ಯಾದ ಬೆಲಾಚಾನ್, ಥಾಯ್ಲೆಂಡಿನ ಕಾಪಿ ಎಂಬ ಅರೆದ ಸಿಗಡಿಯ ಮುದ್ದೆ ಚಟ್ನಿಯಲ್ಲೂ ಸಾರಿನಲ್ಲೂ ಕರಗಿಹೋಗಿರುತ್ತದೆ. ಬರೀ ಸೊಪ್ಪಿನ ಪಲ್ಯಕ್ಕೂ ಮೀನಿನ ರಸ ಹಾಕಿರುತ್ತಾರೆ. ಆದ್ದರಿಂದ ಉಳಿದುಕೊಂಡ ಮನೆಯವರಿಂದ ಅಲ್ಲಿನ ಲಿಪಿಯಲ್ಲೇ ಒಂದು ಚೀಟಿ ಬರೆಸಿಕೊಳ್ಳಬೇಕು: "ಸಿಗಡಿ, ಏಡಿ, ಅರೆದ ಸಿಗಡಿಯ ಮುದ್ದೆ, ಯಾವುದನ್ನು ತಿಂದರೂ ನನಗೆ ಪ್ರಾಣಾಪಾಯ." ಬೆವರಿಗೂ ಮಳೆಗೂ ಹಾಳಾಗದಂತೆ ಲ್ಯಾಮಿನೇಟ್ ಮಾಡಿಸಿ. ಚೀಟಿ ಓದಿ ಗಾಡಿಯವರ ಮುಖದಲ್ಲಿ ಅನುಮಾನ ಕಂಡರೆ ಅಲ್ಲಿ ತಿನ್ನಬೇಡಿ. ಸಸ್ಯಾಹಾರಿಗಳಿಗೆ ಥಾಯ್ಲೆಂಡಿನಲ್ಲಿ ಹಳದಿ ಬಾವುಟದ ಮೇಲೆ ಕೆಂಪಕ್ಷರದ "ಜೇ" ಗುರುತೇ ದಿಕ್ಕು. ಅಲ್ಲಿ ಮೀನಿನ ರಸವಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ.

ಗಾಡಿಯವರು ಕೂಗೋದು ಕೇಳಿಸದೆ ಅವರಿಗೆ ಒಳ್ಳೆ ತಿಂಡಿ ಗೊತ್ತಾಗೋದು ಹೇಗೆ?

ಏಷ್ಯಾದ ಬೀದಿ ತಿಂಡಿಗೆ ಸದ್ದೇ ಫಲಕ ಎಂಬುದು ನಿಜ. ಹೋ ಚಿ ಮಿನ್ ನಗರದಲ್ಲಿ "ಹು ತಿಯೂ ಗೊ" ಎಂಬ ಶಾವಿಗೆ ಸೂಪಿನ ಹೆಸರಿನಲ್ಲೇ ಸದ್ದಿದೆ. "ಗೊ" ಎಂದರೆ ಬಡಿಯುವುದು, ಗಲ್ಲಿಯಲ್ಲಿ ಕೋಲು ಬಡಿಯುತ್ತ ಹೋಗುವ ಹುಡುಗನಿಗೆ ಹೇಳಿದರೆ ಬಟ್ಟಲು ಮನೆಗೇ ಬರುತ್ತದೆ. ಜಾವಾದಲ್ಲಿ ಅಕ್ಕಿ ಹಿಟ್ಟಿಗೆ ತಾಳೆ ಬೆಲ್ಲ ತುಂಬಿ ಬಿದಿರಿನ ಕೊಳವೆಯಲ್ಲಿ ಬೇಯಿಸುವ ಕುಯೆ ಪುತು ಮಾರುವವರ ಗಾಡಿ, ಹಬೆ ಸಣ್ಣ ತೂತಿನಿಂದ ನುಗ್ಗುವಾಗ ಶಿಳ್ಳೆ ಹಾಕುತ್ತದೆ. ನಮಗೆ ಆ ಶಿಳ್ಳೆ, ನನ್ನ ಗೆಳೆಯರಿಗೆ ಅದೇ ತೂತಿನಿಂದ ಏಳುವ ಬಿಳಿ ಹಬೆ.

ಅವರು ನೋಡುವುದು ಬೇರೆಯೇ ವಿಷಯಗಳನ್ನು. ಸಾಲಿನಲ್ಲಿ ಆ ಊರಿನ ಕೆಲಸದವರು ಇದ್ದಾರೆಯೇ, ಕೈಗಳು ಅವಸರವಿಲ್ಲದೆ ಓಡುತ್ತಿವೆಯೇ, ಎಣ್ಣೆ ಯಾವ ಬಣ್ಣಕ್ಕೆ ತಿರುಗಿದೆ, ಹಸಿ ಮಾಂಸ ಮುಟ್ಟಿದ ಕೈ ಬೆಂದದ್ದನ್ನೂ ಮುಟ್ಟುತ್ತಿದೆಯೇ. ಒಂದು ಗಾಡಿಯ ಮುಂದೆ ನಾವು ಪರಿಮಳಕ್ಕೆ ಮರುಳಾಗಿ ನಿಂತಾಗ ಗೆಳೆಯ ತೋಳು ಹಿಡಿದು ಎಳೆದ; ತೊಳೆಯುವ ಬಕೆಟ್ಟಿನ ನೀರು ಅರ್ಧ ಗಂಟೆಯಿಂದ ಬದಲಾಗಿಲ್ಲವೆಂದು ಅವನು ಗುರುತು ಹಿಡಿದಿದ್ದ.

ಕೊಡಗಿನವರ ಬಾಯಿಗೆ ಹತ್ತೋದು ಅಲ್ಲಿ ಏನಾದ್ರೂ ಸಿಗುತ್ತಾ?

ಮಲೇಷ್ಯಾದಲ್ಲಿ "ಪುತು ಮಯಮ್" ಕೇಳಿ. ಅದು ನಮ್ಮ ನೂಪುಟ್ಟೇ, ಅಂದರೆ ಒತ್ತು ಶಾವಿಗೆ, ಮೇಲೆ ಕಾಯಿತುರಿ ಮತ್ತು ಕಂದು ಸಕ್ಕರೆ. ರೋಟಿ ಚನಾಯ್ ಎಂದರೆ ಕೇರಳದ ಪರೋಟದ ನೆಂಟ. ಹಂದಿ ಮಾಂಸ ಚೀನೀ ಗಾಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ, ಆದರೆ ನಮ್ಮ ಹಂದಿ ಸಾರಿಗೆ ಹಾಕುವ ಕಪ್ಪು ಹುಳಿ, ಕಾಚಂಪುಳಿಯ ಆಸೆ ಬಿಡಬೇಕು. ವಿಯೆಟ್ನಾಮಿನ ಕಾಫಿಯೂ ನಮ್ಮ ತೋಟದ ರೊಬಸ್ಟಾ ಜಾತಿಯದೇ. ಗಟ್ಟಿ ಹಾಲಿನ ಮೇಲೆ ಹನಿಹನಿಯಾಗಿ ಇಳಿಯುವ ಅದನ್ನು ಕುಡಿದ ಮೇಲೆ, ರೊಬಸ್ಟಾ ಎಂದರೆ ಮೂಗು ಮುರಿಯುವ ಸಿದ್ದಾಪುರದ ನನ್ನ ನೆಂಟರೊಬ್ಬರ ನೆನಪಾಯಿತು.

## ನಾಲ್ಕು ಸಲ ಹೋಗಿಬಂದವರು ಕೇಳುವುದು

ಎಲ್ಲ ನೀವೇ ಮಾತಾಡಿ ತಂದುಕೊಟ್ರೆ ಬೇಗ ಆಗಲ್ವಾ?

ಬೇಗ ಆಗುತ್ತದೆ, ಗೆಳೆತನವೂ ಅಷ್ಟೇ ಬೇಗ ಹಳಸುತ್ತದೆ. ಇಂಗ್ಲಿಷ್ ಬರುವ ಗಾಡಿಯವರು ಸಿಕ್ಕಾಗ ಅವರ ಕಣ್ಣು ತಾನಾಗಿ ನಮ್ಮ ಕಡೆ ತಿರುಗುತ್ತದೆ, "ಅವನಿಗೇನು ಬೇಕು?" ಎಂದು ಕೇಳುತ್ತಾರೆ. ಆಗ ನಾನು ಒಂದು ಹೆಜ್ಜೆ ಹಿಂದೆ ಸರಿದು ಗೆಳೆಯನತ್ತ ಕೈ ತೋರಿಸುತ್ತೇನೆ. ಹಣವನ್ನೂ ಅವರೇ ಕೊಡಲಿ, ಚೌಕಾಸಿಯನ್ನೂ ಅವರೇ ಮಾಡಲಿ. ಕ್ಯಾಲ್ಕುಲೇಟರಿನಲ್ಲಿ ಅಂಕಿ ಒತ್ತಿ ಹುಬ್ಬು ಹಾರಿಸುವ ಚೌಕಾಸಿಯಲ್ಲಿ ಅವರಷ್ಟು ನಾನು ಗೆದ್ದದ್ದಿಲ್ಲ.

ಇನ್ನೊಂದು ತಪ್ಪು ನಮಗೆ ಗೊತ್ತಾಗದಂತೆ ನಡೆಯುತ್ತದೆ. ಕಿವಿ ಕೇಳುವ ಇಬ್ಬರು ಏನೋ ಹೇಳಿ ನಗುತ್ತಾರೆ, ಕಿವುಡ ಗೆಳೆಯ ಏನೆಂದು ಕೇಳುತ್ತಾನೆ, "ಆಮೇಲೆ ಹೇಳ್ತೀನಿ" ಎಂಬ ಉತ್ತರ ಬರುತ್ತದೆ. ಮನೆಯ ಊಟದಲ್ಲಿ, ಮದುವೆ ಚಪ್ಪರದಲ್ಲಿ, ಶಾಲೆಯ ಬಸ್ಸಿನಲ್ಲಿ ಬಾಲ್ಯದಿಂದ ಆ ಮಾತನ್ನೇ ನೋಡಿ ಬೆಳೆದವರು ಅವರು, ಆ "ಆಮೇಲೆ" ಎಂದೂ ಬಂದದ್ದಿಲ್ಲ. ತಮಾಷೆ ಎಷ್ಟೇ ಸಣ್ಣದಾಗಿರಲಿ, ಆಗಲೇ ಹೇಳಬೇಕು.

ಕಿವಿಯ ಯಂತ್ರ ಹಾಕಿದವರಿಗೆ ಸಂತೆಯ ಗದ್ದಲ ತಡೆಯುತ್ತಾ?

ಯಂತ್ರ ಬೇಕಾದ ಸದ್ದನ್ನೂ ಬೇಡದ್ದನ್ನೂ ಹಿಗ್ಗಿಸುವುದರಿಂದ ಹಲವರು ಸಂತೆಯಲ್ಲಿ ಅದನ್ನು ಆರಿಸಿ ಜೇಬಿಗೆ ಹಾಕುತ್ತಾರೆ, ಅದಕ್ಕೆ ಆಕ್ಷೇಪಿಸಬೇಡಿ. ಶತ್ರು ಬೆವರು ಮತ್ತು ಹಬೆ. ಆಷಾಢದಲ್ಲಿ ಬೀರುವಿನ ಬಟ್ಟೆಗೂ ಬೂಸ್ಟು ಹಿಡಿಯುವುದನ್ನು ಕಂಡ ನಮಗೆ ತೇವದ ಪರಿಚಯವಿದೆ: ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿ ರಾತ್ರಿ ಇಡಬೇಕು, ಅದೇ ಅಳತೆಯ ಬ್ಯಾಟರಿ ಹೆಚ್ಚಿಗೆ ಒಯ್ಯಬೇಕು. ಹೊರಡುವ ಮೊದಲು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಒಮ್ಮೆ ತೋರಿಸಿಕೊಂಡರೆ ಒಳ್ಳೆಯದು.

ಹೊಟ್ಟೆ ಕೆಟ್ರೆ, ಏನಾದ್ರೂ ಅಪಘಾತ ಆದ್ರೆ?

ಕಣ್ಣೆದುರು ಬೆಂದು ಹೊಗೆಯಾಡುವುದನ್ನು ತಿನ್ನಿ, ಕೊಯ್ದಿಟ್ಟ ಹಣ್ಣು ಬಿಡಿ, ಮುಚ್ಚಳ ಒಡೆಯದ ಬಾಟಲಿಯ ನೀರು ಕುಡಿಯಿರಿ. ಒಂದು ಲೀಟರಿಗೆ ಒಂದರಂತೆ ಕಲಸುವ ಓಆರ್‌ಎಸ್ ಪೊಟ್ಟಣಗಳು ಚೀಲದಲ್ಲಿರಲಿ. ರಕ್ತ ಬಿದ್ದರೆ, ಜ್ವರ ಏರಿದರೆ ಆಸ್ಪತ್ರೆಯೇ ಗತಿ.

ತುರ್ತು ಸಂಖ್ಯೆಗಳು ಬಹುಮಟ್ಟಿಗೆ ದನಿಯ ಕರೆಯನ್ನೇ ನಂಬಿವೆ: ಥಾಯ್ಲೆಂಡಿನಲ್ಲಿ ಪ್ರವಾಸಿ ಪೊಲೀಸರಿಗೆ 1155, ಆಂಬುಲೆನ್ಸಿಗೆ 1669, ಮಲೇಷ್ಯಾದಲ್ಲಿ 999, ವಿಯೆಟ್ನಾಮಿನಲ್ಲಿ ಆಂಬುಲೆನ್ಸಿಗೆ 115. ಕಿವುಡರೇ ಹೊರಡುವ ತಂಡವಾದರೆ "ನಾನು ಕಿವುಡ, ಈ ಸಂಖ್ಯೆಗೆ ನನ್ನ ಪರವಾಗಿ ಕರೆ ಮಾಡಿ" ಎಂಬ ಚೀಟಿಯನ್ನು ಅಲ್ಲಿನ ಭಾಷೆಯಲ್ಲಿ ಇಟ್ಟುಕೊಳ್ಳಬೇಕು. ಹೊಟ್ಟೆಗಿಂತ ನನಗೆ ಹೆಚ್ಚು ಭಯ ಸ್ಕೂಟರುಗಳದ್ದು. ಹನೋಯಿಯಲ್ಲಿ ಅವು ಕಾಲುದಾರಿಯ ಮೇಲೂ ಬರುತ್ತವೆ, ಬರುವುದನ್ನು ಹಾರ್ನಿನಲ್ಲಷ್ಟೇ ತಿಳಿಸುತ್ತವೆ. ಹಾಗಾಗಿ ರಸ್ತೆಗೆ ಬೆನ್ನು ಹಾಕಿದ ಸ್ಟೂಲಿನಲ್ಲಿ ಕಿವಿ ಕೇಳುವವರು ಕೂರುತ್ತೇವೆ, ಗೋಡೆಗೆ ಬೆನ್ನಾಗುವ ಸ್ಟೂಲು ಅವರಿಗೆ.

ಅಲ್ಲಿನ ಕಿವುಡರು ಸಿಗ್ತಾರಾ? ಸಿಕ್ರೆ ಮಾತು ನಡೆಯುತ್ತಾ?

ಬ್ಯಾಂಕಾಕಿನ ಸುಖುಂವಿಟ್ ರಸ್ತೆಯ ಬದಿಯಲ್ಲಿ ಅಂಗಿ, ಗೊಂಬೆ, ಸಣ್ಣಪುಟ್ಟ ಉಡುಗೊರೆ ಮಾರುವ ಕಿವುಡ ವ್ಯಾಪಾರಿಗಳು ಬಹುಕಾಲದಿಂದ ಇದ್ದಾರೆ. ಒಂದು ರಾತ್ರಿ ನನ್ನ ಗೆಳೆಯರು ಅಂಥದೊಂದು ಮೇಜಿನ ಮುಂದೆ ನಿಂತರು. ಮೊದಲ ಐದು ನಿಮಿಷ ತಡವರಿಕೆ: ಒಬ್ಬರ ಸನ್ನೆ ಇನ್ನೊಬ್ಬರಿಗೆ ಹೊಂದದು, ಗಾಳಿಯಲ್ಲಿ ಚಿತ್ರ ಬರೆಯುವುದು, ಬೆರಳಿನಿಂದ ನಕ್ಷೆ ಎಳೆಯುವುದು, ತಲೆಯಾಡಿಸಿ ಮತ್ತೆ ಶುರುಮಾಡುವುದು. ಹತ್ತನೆಯ ನಿಮಿಷಕ್ಕೆ ಊರು, ಮದುವೆ, ಮಕ್ಕಳು, ದಿನದ ಗಳಿಕೆ ಎಲ್ಲ ಮುಗಿದು, ಆ ಮೇಜಿನ ವ್ಯಾಪಾರಿ ಹೆಂಗಸು ಪ್ರವಾಸಿಗಳ ಗಾಡಿಗಳನ್ನು ಬಿಟ್ಟು ತಾವು ಕೆಲಸ ಮುಗಿದ ಮೇಲೆ ತಿನ್ನುವ ಗಲ್ಲಿಯನ್ನು ತೋರಿಸಿಕೊಟ್ಟಳು. ಎಲುಬಿನ ಸಾರು, ಅನ್ನ, ಹುಳಿ ಸೊಪ್ಪು. ಆ ಪ್ರವಾಸದಲ್ಲಿ ಅದೇ ಅಗ್ಗದ ಊಟ, ಅದೇ ರುಚಿಯದು.

ಮೇಜಿನ ಸುತ್ತ ಏಳು ಜನ ಕಿವುಡರು ಕೂಡಿದರು, ಕೈಗಳು ಒಂದರ ಮೇಲೊಂದು ಓಡಿದವು, ಒಮ್ಮೆ ಎಲ್ಲರೂ ಮೇಜು ಬಡಿದು ನಕ್ಕರು. ನಾನು ತಣ್ಣಗಾದ ಸಾರಿನ ಬಟ್ಟಲು ಹಿಡಿದು ಗೆಳೆಯನ ತೋಳು ತಟ್ಟಿ, ಏನಾಯಿತೆಂದು ಕೇಳಿದೆ. ಅವನು ನನ್ನ ಕಡೆ ತಿರುಗಿ ಒಂದು ಕ್ಷಣ ನೋಡಿ, ತುಂಟನಗೆಯೊಂದಿಗೆ ಸನ್ನೆ ಮಾಡಿದ: ಆಮೇಲೆ ಹೇಳ್ತೀನಿ.